ಸುತ್ತಿಗೆಯವನ ಜಾಗ

ಆಗಸ್ಟ್ 3, ಶನಿವಾರ

ಬೆಳಗ್ಗೆಯಿಂದ ನಮ್ಮ ಹಳೇ ರೈಲು ಕ್ಲಬ್ಬಿನ ಶೆಡ್ಡಿನಲ್ಲಿ. ತೊಂಬತ್ತೇಳನೇ ನಂಬರ್ ಉಗಿ ಎಂಜಿನ್ನಿನ ಬೆಂಕಿಗೂಡಿನೊಳಗೆ ಕುಕ್ಕರಗಾಲಲ್ಲಿ ಕೂತು ಗೋಡೆ ಹಿಡಿದಿಡುವ ನಾನೂರ ಹನ್ನೆರಡು ಬೋಲ್ಟು ಸುತ್ತಿಗೆಯಿಂದ ಬಡಿದು ನೋಡಿದೆ. ಠಣ್ ಅಂದರೆ ಗಟ್ಟಿ, ದಬ್ ಅಂದರೆ ಮುರಿದದ್ದು. ಎಲ್ಲವೂ ಠಣ್. ರಿಜಿಸ್ಟರಿಗೆ ಸಹಿ ಹಾಕಿದೆ. ದೀಪ ಹಿಡಿದಿದ್ದ ಮಿರ್ಟಾ — ಕ್ಲಬ್ಬಿನ ವೆಲ್ಡರ್, ಮಾತು ಕಮ್ಮಿ — "ದೋನ್ ಎವಾರಿಸ್ತೊ, ಎಡಮೂಲೆ ಇನ್ನೊಂದ್ಸಲ ಬಡೀತೀರಾ?" ಅಂದಳು. ರೇಗಿತು. ಎಂಟು ವರ್ಷದಿಂದ ಬಡಿಯುತ್ತಿರುವವನು ನಾನು!

ಸೆಪ್ಟೆಂಬರ್ ಎಂಟಕ್ಕೆ ರೈಲಿನ ಓಟ. ನಮ್ಮೂರು ಪಾಸೊ ದೆಲ್ ಸೌಸೆಯಿಂದ ನದಿಯವರೆಗೆ, ಹದಿನೆಂಟು ಕಿಲೋಮೀಟರ್. ಒಂಬತ್ತು ವರ್ಷದ ಮೇಲೆ ಮೊದಲ ಸಲ. ಕ್ಲಬ್ಬಿನ ಕಟ್ಟಳೆ: ಬೋಲ್ಟು ಬಡಿದವರು ಎಂಜಿನ್ನಿನಲ್ಲೇ ನಿಂತು ಹೋಗಬೇಕು. ಸುಳ್ಳು ಸಹಿ ಹಾಕಿದ್ದರೆ ಮೊದಲು ಅವರೇ ಸಾಯಲಿ ಅಂತ. ನನಗೆ ಅದೇ ಜಾಗ ಬೇಕು. ಅಂಚೆ ಕಚೇರಿಯ ಕಿಟಕಿಯಿಂದ ಮೂವತ್ತೈದು ವರ್ಷ ರೈಲು ನೋಡಿದ್ದು ಸಾಕು.

ಆಗಸ್ಟ್ 4

ಮಳೆ. ಮಾಟೆ ಸೊಪ್ಪಿನ ಕಷಾಯಕ್ಕೆ ನೀರಿಟ್ಟು ಪಕ್ಕದಲ್ಲೇ ಹಳೇ ರೈಲು ವೇಳಾಪಟ್ಟಿ ಓದುತ್ತಿದ್ದೆ. ಹಿತ್ತಲಿನಿಂದ ಹೆಂಡತಿ ಒಫೆಲಿಯಾ ಓಡಿ ಬಂದಳು.

"ಕೆಟಲ್ ಶಿಳ್ಳೆ ಆಗ್ಲಿಂದ ಬಾಯಿ ಬಡ್ಕೊಳ್ತಿದೆ! ಕಿವಿಗೆ ಹತ್ತಿ ಇಟ್ಕೊಂಡಿದ್ದೀಯಾ?"

"ಓದ್ತಿದ್ದೆ ಕಣೇ."

ನೀರು ಕುದ್ದು ಹಾಳಾಯಿತು; ಮಾಟೆಗೆ ಕುದಿಯುವ ಮುಂಚೆಯೇ ಇಳಿಸಬೇಕು. ಓದುತ್ತಿದ್ದೆ, ನಿಜ. ಆದರೆ…

ಆಗಸ್ಟ್ 5

ಅವಳು ಅಂಗಡಿಗೆ ಹೋದಾಗ ಮತ್ತೆ ಕೆಟಲ್ ಇಟ್ಟೆ. ಪಕ್ಕದಲ್ಲೇ ನಿಂತೆ. ಆವಿ ಕಂಡಿತು. ಸದ್ದಿಲ್ಲ.

ಆಗಸ್ಟ್ 27

ಮೂರು ವಾರ ಬರೆದಿಲ್ಲ. ಬರೆದರೆ ಅದನ್ನೇ ಬರೆಯಬೇಕು.

ಟಿಕೆಟ್ ಎಲ್ಲ ಖಾಲಿ. ಮೊದಲ ಬೋಗಿ ಶಾಲೆಯ ಮಕ್ಕಳಿಗೆ. ಮೊಮ್ಮಗಳು ಬೆಲೆನ್ ಈಗಲೇ ಕಿಟಕಿ ಸೀಟು ಹಿಡಿದಾಗಿದೆಯಂತೆ. ನೆಬಿಯೊ ಓಡಿಸುವವನು, ಎಪ್ಪತ್ತೊಂಬತ್ತು ವಯಸ್ಸು, ನನ್ನ ಗೆಳೆಯ. ಬೆನ್ನಿಗೆ ಗುದ್ದಿ, "ಹೊಸ ಟೋಪಿ ತಗೊಂಡ್ಯೇನೋ ಮುದುಕ?" ಅಂದ. ತಗೊಂಡಿದ್ದೇನೆ.

ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಲೋಟ, ನಲ್ಲಿ, ಮಂಚದ ಕಾಲು — ಕಂಡಿದ್ದನ್ನೆಲ್ಲ ಚಮಚದಿಂದ ಬಡಿದು ನೋಡುತ್ತಿದ್ದೇನೆ. ಒಫೆಲಿಯಾ ಚಮಚಗಳನ್ನೇ ಅಡಗಿಸಿಟ್ಟಳು.

ಸೆಪ್ಟೆಂಬರ್ 6, ಮಧ್ಯಾಹ್ನ

ತಡೆಯಲಾಗಲಿಲ್ಲ. ಮಿರ್ಟಾಳನ್ನು ಬೆಂಕಿಗೂಡಿನೊಳಗೆ ಕರೆದು ಸುತ್ತಿಗೆ ಕೊಟ್ಟೆ. ಎಡಮೂಲೆ. ಮೂರನೇ ಸಾಲಿನಲ್ಲಿ ಅವಳ ಕೈ ನಿಂತಿತು.

"ಇದು ಮುರಿದಿದೆ."

ಇನ್ನೊಂದು. ಇನ್ನೆರಡು. ಒಟ್ಟು ನಾಲ್ಕು. ನನಗೆ ಎಲ್ಲವೂ ಒಂದೇ.

ಇದರ ಮೇಲೆ ಆವಿ ಏರಿಸಿದ್ದರೆ ಬಾಯ್ಲರ್ ಸಿಡಿಯುತ್ತಿತ್ತೋ ಏನೋ. ಹಿಂದೆಯೇ ಬೆಲೆನ್ ಕೂರುವ ಬೋಗಿ.

"ನೀವು ಬಡಿದ್ಮೇಲೆ ಮುರಿದಿರ್ಬೇಕು ಬಿಡಿ, ದೋನ್ ಎವಾರಿಸ್ತೊ," ಅಂದಳು, ನನ್ನ ಮುಖ ನೋಡದೆ. ತಣ್ಣಗೆ ನಿಂತ ಎಂಜಿನ್ನಿನಲ್ಲಿ ಬೋಲ್ಟು ತಾನಾಗಿ ಮುರಿಯುವುದಿಲ್ಲ. ಅವಳಿಗೂ ಗೊತ್ತು. ಹೂಂ ಅಂದರೆ ಮುಗಿಯಿತು. ಅಯ್ಯೋ, ಎಷ್ಟು ಸುಲಭ!

ಹೂಂ ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ. ಮನೆಗೆ ಬಂದೆ.

ಸೆಪ್ಟೆಂಬರ್ 8

ಓಟ ರದ್ದು. ಬೆಳಗ್ಗೆ ಕ್ಲಬ್ಬಿನ ಸಭೆಯಲ್ಲಿ ಎದ್ದು ನಿಂತು ಹೇಳಿಬಿಟ್ಟೆ: ಕಿವಿ ಹೋಗಿದೆ, ಎದುರಿನ ಮಾತು ಕೇಳಿದರೂ ಕೀಚಲು ಸದ್ದು ಕೇಳದು, ತಿಂಗಳಿಂದ ಗೊತ್ತು, ಆ ಜಾಗದ ಆಸೆಗೆ ಬಾಯಿ ಬಿಡಲಿಲ್ಲ. ಹೊರಗೆ ನೆಬಿಯೊ ಹೆಗಲ ಮೇಲೆ ಕೈ ಹಾಕಿದ.

"ನಂಗೊತ್ತಿತ್ತು ಕಣೋ. ಹಿಂದಿನಿಂದ ಕೂಗಿದ್ರೆ ನೀನು ತಿರುಗಿ ನೋಡೋದು ಬಿಟ್ಟು ವರ್ಷ ಆಯ್ತು."

"ಗೊತ್ತಿದ್ದೂ ಗಾಡಿ ಓಡಿಸೋಕೆ ಹೊರಟಿದ್ಯಾ? ಮಕ್ಕಳನ್ನ ಕೂರಿಸ್ಕೊಂಡು?"

"ನಿನ್ನ ಜಾಗ ನಾನು ಹೆಂಗೋ ಕಿತ್ಕೊಳ್ಳಲಿ?" ಅಂದವನು ಅತ್ತೇಬಿಟ್ಟ.

ಅವನ ಮೇಲೆ ಕೆಂಡದಂಥ ಸಿಟ್ಟು. ನನ್ನ ಮೇಲೆ ಅದರ ಎರಡರಷ್ಟು. ಇಬ್ಬರೂ ಗೇಟಿನವರೆಗೆ ನಡೆದೆವು.

ನವೆಂಬರ್ 17, ನಿಲ್ದಾಣದ ಬೆಂಚು, 10:20

ಇವತ್ತು ಓಟ. ನಾಲ್ಕು ಬೋಲ್ಟೂ ಹೊಸವು. ಬಡಿದವಳು ಮಿರ್ಟಾ. ಎಂಜಿನ್ನಿನಲ್ಲಿ ನಿಂತವಳೂ ಅವಳೇ. ಹೊಸ ಟೋಪಿ ಅವಳಿಗೇ ಕೊಟ್ಟೆ. ದೊಡ್ಡದಾಗಿ ಕಿವಿಯವರೆಗೆ ಇಳಿದಿದೆ. "ಮೇಲಕ್ಕೆ ತಳ್ಳು ಹುಡುಗಿ, ಕಿವಿ ಬೇಕು ನಿಂಗೆ" ಅಂದೆ. ನಕ್ಕಳು.

ನನಗೆ ಬೋಗಿಯಲ್ಲಿ ಸೀಟು ಕೊಡುತ್ತೇವೆ ಅಂದರು. ಬೇಡ ಅಂದೆ. ಹೊಟ್ಟೆಯುರಿ, ಇನ್ನೇನು. ಬೆಲೆನ್ ಕಿಟಕಿಯಿಂದ ಕೈ ಬೀಸುತ್ತಿದ್ದಾಳೆ. ಏನೋ ಕೂಗುತ್ತಿದ್ದಾಳೆ.

ನೆಬಿಯೊ ಶಿಳ್ಳೆಯ ಸರಪಳಿ ಎಳೆದ. ತೊಂಬತ್ತೇಳರ ಶಿಳ್ಳೆ ಮೊದಲಿಂದಲೂ ಕೀಚಲು. ಬಿಳಿ ಆವಿ ಎದ್ದಿತು. ಸದ್ದಿಲ್ಲ. ಪ್ಲಾಟ್‌ಫಾರಂ ತುಂಬ ಜನ ಕಿವಿ ಮುಚ್ಚಿಕೊಂಡರು. ಇನ್ನು ಪೆನ್ನು ಕೆಳಗಿಟ್ಟು ನಾನೂ ಕಿವಿ ಮುಚ್ಚಿಕೊಳ್ಳಬೇಕು.