ಹದಿನೇಳನೇ ನಂಬರಿನವಳು ಗುಣವಾದಳಂತೆ

೧೪ ಆಗಸ್ಟ್ ೨೦೦೩, ಗುರುವಾರ

ನಾನು ಗುಣವಾಗಿದ್ದೇನಂತೆ. ಡಾಕ್ಟರ ವರದಿಯಲ್ಲಿ ನನ್ನ ಹದಿನೇಳನೇ ನಂಬರಿನ ಮುಂದೆ ಹಾಗೆಂದು ಅಚ್ಚಾಗಿದೆ.

ವರ್ಷಗಟ್ಟಲೆ ಸುಸ್ತು ಬಿಡದ ನಮ್ಮಂಥವರಿಗೆ ವ್ಯಾಯಾಮದಿಂದಲೇ ವಾಸಿಯಾಗುತ್ತದೆ ಎಂದು ತೋರಿಸಲು ಮಾಡಿದ ಅಧ್ಯಯನ ಅದು. ಮೂರನೇ ವಾರ ಆ ವ್ಯಾಯಾಮ ಮುಗಿಸಿ ಬಂದವಳು ಹಾಸಿಗೆ ಹಿಡಿದೆ. ಮತ್ತೆ ಆ ಕಡೆ ಹೋಗಲು ಆಗಲೇ ಇಲ್ಲ.

ನನ್ನ ಜೊತೆಗೇ ಅಧ್ಯಯನಕ್ಕೆ ಸೇರಿದ್ದ ಭದ್ರಾವತಿ ನ್ಯೂ ಟೌನಿನ ಕರಿಯಣ್ಣ ಇವತ್ತು ಆ ವರದಿ ಹಿಡಿದು ಮನೆಗೆ ಬಂದಿದ್ದರು. ಕಾರ್ಖಾನೆಯಲ್ಲಿ ಕಬ್ಬಿಣ ಪರೀಕ್ಷಿಸುತ್ತಿದ್ದವರು. ಒಂದೊಂದು ನಂಬರಿಗೂ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು.

"ನೋಡಮ್ಮ ಶಾಂಭವಿ, ಮಧ್ಯದಲ್ಲೇ ಬಿಟ್ಟೋರು ಹನ್ನೊಂದು ಜನ. ಅಷ್ಟೂ ಜನಾನ ಗುಣ ಆದೋರ ಪಟ್ಟಿಗೆ ಸೇರ್ಸಿದ್ದಾರೆ. ಟೆಸ್ಟಿಗೇ ಬರದ ಕಬ್ಬಿಣದ ಸರಳನ್ನ ನಾವು ಪಾಸ್ ಅಂತ ಬರೀತಿದ್ವಾ?"

ಡಾಕ್ಟರಿಗೆ ಫೋನ್ ಮಾಡಿದೆ. "ಹುಷಾರಿಲ್ದಿದ್ರೆ ನೀವು ಬಂದೇ ಬರ್ತಿದ್ರಲ್ಲಮ್ಮ" ಎಂದು ನಕ್ಕರು.

ಹುಷಾರಿಲ್ಲದ್ದಕ್ಕೇ ಬರಲಿಲ್ಲ ಎಂದು ಕಿರುಚಬೇಕಿತ್ತು. "ಸರಿ ಸಾರ್" ಎಂದುಬಿಟ್ಟೆ! ಅದನ್ನು ನೆನೆದರೆ ಅವರಿಗಿಂತ ನನ್ನ ಮೇಲೇ ಸಿಟ್ಟು ಉಕ್ಕುತ್ತದೆ.

ಬಿಟ್ಟುಬಂದ ಹನ್ನೊಂದು ಜನರ ಸಹಿ ಹಾಕಿಸಿ, ವರದಿ ಅಚ್ಚು ಹಾಕಿದವರಿಗೆ ಶನಿವಾರ ಕಾಗದ ಕಳಿಸಬೇಕು. ಬರೆಯಲು ಕೂತೆ. ನಾಲ್ಕು ಸಾಲಿಗೇ ಸೋತಿದೆ, ಗುಣವಾದವಳ ಈ ಕೈ.