ಗಿಡ ಸಾಕು

ಭಾನುವಾರ ರಾತ್ರಿ

ನನ್ನ ಮುದ್ದು ಅಮ್ಮನಿಗೆ,

ಕಾಲಿಗೆ ಚಕ್ರ ಕಟ್ಟಿಕೊಂಡ ನಿನ್ನ ಮಗಳ ನಮಸ್ಕಾರ. ಇದನ್ನು ಬರೆಯುತ್ತಿಲ್ಲ, ಹೇಳುತ್ತಿದ್ದೇನೆ. ಫೋನೇ ಅಕ್ಷರ ಮಾಡಿಕೊಳ್ಳುತ್ತದೆ. ಕೈತುಂಬಾ ಗುಳ್ಳೆ. ಕೋಣೆಯಲ್ಲಿ ಇನ್ನಿಬ್ಬರು ಮಲಗಿದ್ದಾರೆ, ಅದಕ್ಕೇ ಪಿಸುಮಾತು. ಎಲ್ಲಾದರೂ ಎಡವಟ್ಟಾಗಿದ್ದರೆ ನಕ್ಕುಬಿಡು.

ಅಲ್ಲಿಯ ಕೆಲಸ ಬಿಟ್ಟು ಚಿಕ್ಕಪ್ಪನ ಅಂಗಡಿ ಸೇರಿಕೋ ಅಂತ ಎಷ್ಟು ಸಲ ಹೇಳಿಕಳಿಸಿದೆ ನೀನು! ನಾನು ಹಾಂ ಹೂಂ ಅಂತ ನುಣುಚಿಕೊಂಡೆ. ಈವತ್ತು ಉತ್ತರ ಕೊಡುತ್ತೇನೆ. ಮೊದಲು ನಡೆದದ್ದು ಕೇಳು.

ನಾನಿರುವ ಪ್ರಾರ್ಥನಾಮಂದಿರ ಬೆಟ್ಟದ ನೆತ್ತಿಯ ಮೇಲಿದೆ. ಬಸ್ಸುಗಟ್ಟಲೆ ಭಕ್ತರು ಬರುತ್ತಾರೆ. ಬಸ್ಸು, ಜನರೇಟರು, ಅಷ್ಟೂ ಜನಕ್ಕೆ ಬೇಯಿಸುವ ಅಡುಗೆಮನೆ, ಎಲ್ಲದರಿಂದಲೂ ಹೊಗೆ. ಆ ಹೊಗೆಯ ಇಂಗಾಲವನ್ನು ಮರಗಳು ಕುಡಿಯಲಿ ಅಂತ ಹೋದ ವರ್ಷ ಹಿಂದಿನ ಬೋಳುಗುಡ್ಡದ ತುಂಬ ಗಿಡ ನೆಟ್ಟರು. ಬಾಗಿಲಿಗೆ ಹಿತ್ತಾಳೆ ಫಲಕವೂ ಬಂತು: ‘ಈ ಮಂದಿರದ ಹೊಗೆಯ ಋಣ ತೀರಿದೆ.’ ನೆಟ್ಟವರು ಫೋಟೋ ತೆಗೆಸಿಕೊಂಡು ಹೋದರು. ನೀರಿಗೆ ಉಳಿದವಳು ನಾನು, ಜೊತೆಗೆ ತೂತುಬಿದ್ದ ಒಂದು ಪೈಪು. ಬೇಸಿಗೆಯಲ್ಲಿ ಅರ್ಧಕ್ಕರ್ಧ ಒಣಗಿಹೋದವು.

ಈ ಸಲದ ಗಿಡ ನೆಡುವ ದಿನ ಹತ್ತಿರ ಬಂತು. ಕಾರ್ಯದರ್ಶಿ ನನ್ನನ್ನು ಕರೆದು, “ಒಣಗಿದ್ದನ್ನ ಕಿತ್ತು ಅದೇ ಗುಂಡೀಲಿ ಹೊಸದು ಇಡಿಸು. ಯಾರಿಗೆ ಗೊತ್ತಾಗತ್ತೆ?” ಅಂದ.

ಮಂದಿರ ನಡೆಸುವವರು ಹಿರಿಯಮ್ಮ. ವಯಸ್ಸಾಗಿದೆ, ದನಿ ಮಾತ್ರ ಗಂಟೆ. ಅವರು ಕಣ್ಣಿನ ಆಪರೇಷನ್ನಿಗೆ ಹೋಗಿದ್ದರು. ಧೈರ್ಯ ಮಾಡಿ ಅವರಿಗೇ ಸಂದೇಶ ಕಳಿಸಿದೆ: ಅರ್ಧ ಗಿಡ ಒಣಗಿವೆ, ನಾಳೆ ಬೆಳಗ್ಗೆ ಇನ್ನೊಂದು ಲಾರಿ ಹೊಸ ಗಿಡ ಬರುತ್ತದೆ, ಏನು ಮಾಡಲಿ? ನರ್ಸಮ್ಮನ ಕೈಯಲ್ಲಿ ಬರೆಸಿದ ಉತ್ತರ ಎರಡೇ ಪದ: ಗಿಡ ಸಾಕು.

ಸಾಕು ಅಂದರೆ ಸಾಕು ತಾನೆ? ಲಾರಿಯವನಿಗೆ ಫೋನು ಮಾಡಿ ಬರಬೇಡ ಅಂದುಬಿಟ್ಟೆ.

ಬೆಳಗ್ಗೆ ಬಸ್ಸುಗಳು ಬಂದವು, ಭಕ್ತರು ಇಳಿದರು, ಒಣಗಿದ್ದನ್ನು ಕಿತ್ತ ಗುಂಡಿಗಳು ಬಾಯಿ ತೆರೆದುಕೊಂಡಿವೆ, ಗಿಡ ಒಂದೂ ಇಲ್ಲ! ಹಿರಿಯಮ್ಮನ ಸಂದೇಶ ತೋರಿಸಿದೆ. ಕಾರ್ಯದರ್ಶಿ ಕೆಂಡವಾದ. “ಸಾಕು ಅಂದ್ರೆ ಬೆಳೆಸು ಅಂತ ಕಣೇ! ನಾಯಿ ಸಾಕು, ಹಸು ಸಾಕು ಅನ್ನಲ್ವಾ? ಕನ್ನಡ ಬರತ್ತೋ ಇಲ್ವೋ ನಿಂಗೆ? ಗಂಟುಮೂಟೆ ಕಟ್ಟು!”

ಅಷ್ಟರಲ್ಲಿ ಹಿರಿಯಮ್ಮನ ಕಾರು ಬಂತು. ಒಂದು ಕಣ್ಣಿಗೆ ಪಟ್ಟಿ. ವಿಷಯ ಕೇಳಿ, ಹೊಲಿಗೆ ಹಾಕಿದ ಕಣ್ಣು ಒತ್ತಿಹಿಡಿದುಕೊಂಡು ನಕ್ಕರು. “ನಾನ್ ಹೇಳಿದ್ದು ಬೆಳೆಸು ಅಂತ್ಲೇ. ಆದ್ರೆ ಇವಳು ಓದಿದ್ದೂ ಸರಿಯಾಗೇ ಇದೆ ಕಣಯ್ಯ. ಇರೋದನ್ನೇ ಬದುಕಿಸ್ಲಿಲ್ಲ, ಹೊಸದ್ಯಾಕೆ?”

ಆಮೇಲೆ ಜನರ ಮುಂದೆ ನಿಂತು, ಅರ್ಧ ಗಿಡ ಸತ್ತಿವೆ, ಬಾಗಿಲ ಫಲಕ ಸುಳ್ಳು, ತಪ್ಪು ತನ್ನದೇ ಅಂತ ಹೇಳಿದರು. ಸುತ್ತಿಬಳಸಲಿಲ್ಲ. ಸ್ಕ್ರೂಡ್ರೈವರ್ ತರಿಸಿದರು. “ಫಲಕ ತೆಗೆದ್ರೆ ಜನ ಏನಂದ್ಕೋತಾರಮ್ಮ?” ಅಂತ ಕಾರ್ಯದರ್ಶಿ ಗೋಗರೆದ. “ಸುಳ್ಳು ಹೇಳಿದ್ವಿ ಅಂದ್ಕೋತಾರೆ. ಸರಿಯಾಗೇ ಅಂದ್ಕೋತಾರೆ. ಒಣಗಿದ ಗಿಡ ಯಾರ ಹೊಗೆ ಕುಡಿಯತ್ತಪ್ಪ?”

ಭಕ್ತರಿಗೆಲ್ಲ ಬಕೆಟ್ಟು ಕೊಟ್ಟರು. ಜೀವವಿರುವ ಗಿಡ ಹುಡುಕಿ ಪಾತಿ ಮಾಡಿ ನೀರು ಹಾಕಬೇಕು. ರೇಷ್ಮೆ ಸೀರೆಯವರೊಬ್ಬರು, “ಗಿಡ ನೆಡೋಕೆ ಬಂದೋರನ್ನ ಕೂಲಿಗೆ ಹಚ್ಚಿಬಿಟ್ರಲ್ಲ!” ಅಂದರು. “ಸಂಬಳ ಕೇಳಬೇಡ ತಾಯಿ, ಕೊಡೋಕಿಲ್ಲ,” ಅಂದರು ಹಿರಿಯಮ್ಮ. ಆಕೆ ನಗುತ್ತಾ ಸೆರಗು ಸಿಕ್ಕಿಸಿದರು. ಇಡೀ ಗುಡ್ಡ ಕೆಸರಾಯಿತು.

ಅಷ್ಟಕ್ಕೇ ಬಿಡಲಿಲ್ಲ. ಹೊಗೆ ಎಬ್ಬಿಸುತ್ತಾ ಗಿಡ ನೆಡುವುದಲ್ಲ, ಮೊದಲು ಹೊಗೆ ಕಡಿಮೆಯಾಗಲಿ ಅಂದರು. ಇನ್ನು ಬಸ್ಸು ಬೆಟ್ಟದ ಬುಡದಲ್ಲೇ ನಿಲ್ಲಬೇಕು, ಕೈಲಾಗದವರಿಗೆ ಮಾತ್ರ ಒಂದು ಗಾಡಿ. ಸಂಜೆ ಕೆಳಗಿನ ಊರಿನ ಪ್ರಾರ್ಥನೆಗೆ ತಾವೇ ಕೋಲೂರಿಕೊಂಡು ಇಳಿದರು. ಕಾರಿನ ಡ್ರೈವರು ಹಿಂದೆ ಹಿಂದೆ ನಡೆಯುತ್ತಾ, “ಅಮ್ಮಾ, ನನ್ ಕೆಲಸ ಹೋಯ್ತಾ?” ಅಂತ ಕೇಳುತ್ತಿದ್ದ. ಇಂಥವರನ್ನು ನಾನು ನೋಡಿರಲಿಲ್ಲ ಅಮ್ಮಾ. ತಪ್ಪು ಒಪ್ಪಿಕೊಂಡ ಮೇಲೆ ಇನ್ನಷ್ಟು ಎತ್ತರ ಕಂಡರು.

ಬೆಟ್ಟ ಇಳಿಯುವ ಮೊದಲು ಹಿರಿಯಮ್ಮ ನನ್ನನ್ನು ಕರೆದಿದ್ದರು. ಕಳಿಸಿಬಿಡುತ್ತಾರೆ ಅಂತಲೇ ಅಂದುಕೊಂಡೆ. “ಒಂದು ಗಿಡ ತನ್ನ ಕಾಲ ಮೇಲೆ ನಿಲ್ಲೋಕೆ ಮೂರು ಬೇಸಿಗೆ ಬೇಕು. ಇರ್ತೀಯೇನೇ ಹುಡುಗಿ?” ಅಂದರು. ಒಂದೇ ಊರಿನಲ್ಲಿ ಎರಡನೇ ಬೇಸಿಗೆ ಕಂಡವಳಲ್ಲ ನಾನು, ನಿನಗೇ ಗೊತ್ತು. ಇರ್ತೀನಿ ಅಂದೆ.

ಇದೇ ನನ್ನ ಉತ್ತರ. ಕೋಪ ಮಾಡಿಕೋ, ಊಟ ಮಾತ್ರ ಬಿಡಬೇಡ.

ನಿನ್ನ ತಲೆಹರಟೆ ಮಗಳು

ತಾ.ಕ.: ಚಿಕ್ಕಪ್ಪನ ಮೇಲೆ ರೇಗಬೇಡ. ಬರುವುದಿಲ್ಲ ಅಂತ ಅವರಿಗೆ ನಾನು ಹೇಳಿದ್ದು ಲಾರಿಯವನಿಗೆ ಬರಬೇಡ ಅಂದ ದಿನವೇ. ಅವರು ಆಗಲೇ ಬೇರೆಯವರನ್ನು ಇಟ್ಟುಕೊಂಡಿದ್ದಾರೆ. ಹಿರಿಯಮ್ಮ ಹೊರಗೆ ಹಾಕಿದ್ದರೆ ಹೋಗುವುದಕ್ಕೆ ನನಗೆ ಜಾಗವೇ ಇರಲಿಲ್ಲ.