ನಳದ ನೀರಿನಲ್ಲಿ ಹಿಂಡಿದ ಸ್ಪಂಜು

ಆಳಂದ
ಭಾನುವಾರ, ೨೩ ನವೆಂಬರ್ ೨೦೨೫

ಮಗಳು ಬಸವೇಶ್ವರಿಗೆ,

ಆಳಂದದ ಮನೆಯಿಂದ ಶಾರದಾ ಬರೆಯುವುದು. ಹೇಗಿದ್ದೀ? ಥಂಡಿ ಶುರುವಾದರೆ ನಿನ್ನ ಗಂಟಲು ಕಟ್ಟುತ್ತದೆ ಎಂದು ನಿಮ್ಮಪ್ಪ ದಿನಕ್ಕೊಮ್ಮೆಯಾದರೂ ಅನ್ನುತ್ತಾರೆ. ಬೆಳಿಗ್ಗೆ ಬಸ್ಸಿಗೆ ಓಡುವಾಗ ಸ್ವೆಟರ್ ಮರೆಯಬೇಡ. ಜೇವರ್ಗಿಯ ಆಯಿಯ ಮೊಣಕಾಲು ಈಗ ಹೇಗಿದೆ? ಮಗಳನ್ನು ಕಳೆದುಕೊಂಡ ಮೇಲೆ ಆ ಜೀವ ನಿನ್ನ ಮುಖ ನೋಡಿಕೊಂಡೇ ಇದೆ, ಅವರಿಗೆ ಎದುರುತ್ತರ ಕೊಡಬೇಡ. ಈ ಕಾಲದಲ್ಲಿ ಯಾರು ಪತ್ರ ಬರೆಯುತ್ತಾರೆ ಎಂದು ನಿನಗೆ ಅನ್ನಿಸಬಹುದು. ನನ್ನ ಫೋನು ನೀನು ಎತ್ತುವುದಿಲ್ಲ. ಮೆಸೇಜು ಕಳಿಸಿದರೆ ಒಂದೇ ಟಿಕ್ ಬಂದು ಅಲ್ಲೇ ನಿಲ್ಲುತ್ತದೆ. ಹೀಗಾಗಿ ಪೋಸ್ಟಾಫೀಸಿಗೆ ಹೋಗಿ ಲಕೋಟೆ ತಂದೆ. ಹರಿಯುವುದಿದ್ದರೆ ಓದಿದ ಮೇಲೆ ಹರಿ. ಮೀನಿನ ಸಲುವಾಗಿಯಾದರೂ ಓದು.

ನಾನು ಘತ್ತರಗಿಯವಳು, ಭೀಮೆಯ ದಂಡೆಯಲ್ಲಿ ಬೆಳೆದವಳು. ದಸರೆಯ ಘಟ ಕೂಡುವ ಮುನ್ನ ನಮ್ಮ ಕಡೆ ಮನೆಯಲ್ಲಿ ತೊಳೆಯದೆ ಉಳಿಯುವ ವಸ್ತುವೇ ಇಲ್ಲ. ಕೌದಿ, ಚಾದರ, ಹಿತ್ತಾಳೆ ಕೊಡ, ಅಡಕಲ ಗಡಿಗೆ, ಬೀಸುವ ಕಲ್ಲು, ಎಲ್ಲ ಹೊಳೆಗೆ ಹೋಗಬೇಕು. ಆಳಂದದಲ್ಲಿ ಹೊಳೆ ಇಲ್ಲವಲ್ಲ, ಹಿತ್ತಲಿನ ನೀರಿನ ಹೌದಿನ ಪಕ್ಕದಲ್ಲೇ ನಾನು ಎರಡು ದಿನ ತೊಳೆದೆ. ಕೊನೆಗೆ ಪಡಸಾಲೆಯ ಮೀನಿನ ತೊಟ್ಟಿಗೆ ಕೈ ಹಾಕಿದೆ. ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ಹಳೆಯ ನೀರು ಚೆಲ್ಲಿ, ಹರಳು, ಕಟ್ಟಿಗೆಯ ತುಂಡು, ನೀರು ಸೋಸುವ ಆ ಕರಿ ಸ್ಪಂಜು ಎಲ್ಲವನ್ನೂ ನಳದ ಕೆಳಗೆ ಹಿಡಿದು ತಿಕ್ಕಿ ತಿಕ್ಕಿ ತೊಳೆದೆ. ಗಾಜು ಫಳಫಳ ಅನ್ನುವಂತಾಯಿತು. ಘಟ ಕೂಡಿದ ಮೂರನೆಯ ದಿನ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಐದನೆಯ ದಿನಕ್ಕೆ ಹನ್ನೊಂದೂ ಹೋದವು. ನಿಮ್ಮವ್ವ ಸುನಿತಾ ಹಾಸಿಗೆ ಹಿಡಿದಾಗ ಮಲಗಿದಲ್ಲಿಂದಲೇ ನೋಡಲಿ ಎಂದು ನೀನು ತಂದಿಟ್ಟ ನಿಯಾನ್ ಟೆಟ್ರಾಗಳವು. ಆಕೆ ಹೋದ ಮೇಲೂ ನೀನು ಮೂರು ವರ್ಷ ಸಾಕಿದವು. ನೀನು ಅವನ್ನು ಬಿಳಿ ಅರಿವೆಯಲ್ಲಿ ಸುತ್ತಿ ಪತ್ರಿ ಗಿಡದ ಬುಡದಲ್ಲಿ ಹೂಳಿದ್ದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಹೊರಗೆ ಬರುವ ಧೈರ್ಯ ಆಗಲಿಲ್ಲ.

ಆಮೇಲಿನ ಮಾತು ನಿನಗೆ ಗೊತ್ತೇ ಇದೆ. "ಸ್ಪಂಜ್ ತೊಳಿಬ್ಯಾಡ್ರಿ ಅಂತ ನಾ ಹೇಳಿದ್ದೆ" ಎಂದು ನೀನು. "ನನಗ ಯಾರೂ ಏನೂ ಹೇಳಿಲ್ಲ" ಎಂದು ನಾನು. ನಡುವೆ ನಿಮ್ಮಪ್ಪ. ಇಪ್ಪತ್ತು ವರ್ಷ ನರೋಣಾದ ಸಾಲೆಯಲ್ಲಿ ಮಕ್ಕಳಿಗೆ ಸತ್ಯ ಹೇಳ್ರಿ, ಸತ್ಯ ಹೇಳ್ರಿ ಎಂದು ಪಾಠ ಮಾಡಿದ ಮಾಸ್ತರರು. "ಮೀನ ಸತ್ತಾವಂತ ಮನಿಮಂದಿ ಮ್ಯಾಲ ಸುಳ್ಳು ಹೊರಸಬ್ಯಾಡ" ಎಂದು ನಿನಗೆ ಅಂದುಬಿಟ್ಟರು. ಮರುದಿನ ನೀನು ಬ್ಯಾಗು ತುಂಬಿಕೊಂಡು ಬಾಗಿಲಲ್ಲಿ ನಿಂತು, "ನಾ ಹೇಳಿದ್ದು ಖರೇ ಅಂತ ಒಪ್ಪಿದ ದಿನ ಬರ್ತೇನಿ" ಎಂದು ಹೇಳಿ ಹೋದಿ. ಕಲಬುರಗಿಯ ಕಾಲೇಜಿಗೆ ಇಲ್ಲಿಂದ ಎಷ್ಟು ದೂರವೋ ಜೇವರ್ಗಿಯಿಂದಲೂ ಹೆಚ್ಚುಕಡಿಮೆ ಅಷ್ಟೇ ದೂರ, ಆದ್ದರಿಂದ ನಿನ್ನನ್ನು ತಡೆಯಲು ನಮ್ಮ ಹತ್ತಿರ ನೆಪವೂ ಇರಲಿಲ್ಲ. ದಸರೆಯ ಸಂಜೆ ಓಣಿಯ ಹುಡುಗಿಯರೆಲ್ಲ ಬನ್ನಿ ಕೊಡಲು ಬಂದರು. ನಿನ್ನ ಪಾಲಿನ ಬನ್ನಿಯನ್ನು ನಾನು ದೇವರ ಜಗುಲಿಯ ಮೇಲೆ ಎತ್ತಿಟ್ಟಿದ್ದೆ. ಈಗ ಒಣಗಿ ಉದುರುತ್ತಿದೆ, ಆದರೂ ಇದೇ ಲಕೋಟೆಯಲ್ಲಿ ಹಾಕುತ್ತೇನೆ.

ತೊಟ್ಟಿ ಮಾರಿಬಿಡೋಣ ಎಂದರು ನಿಮ್ಮಪ್ಪ. ನಾನು ಕೇಳಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಮೀನು ಮಾರುವ ಹಫೀಜನ ಅಂಗಡಿಗೆ ಹೋಗಿ, ನಡೆದದ್ದನ್ನು ಹೇಳಿದೆ. ಅವನು ಹಣೆ ಹಣೆ ಬಡಿದುಕೊಂಡ. "ಆ ರಾಡಿಯಾಗೇ ಜೀವ ಇರ್ತದ್ರಿ ಅಕ್ಕಾ. ಮೀನಿನ ಹೊಲಸು ತಿಂದು ನೀರು ಕಾಯೋ ಹುಳ ಆ ಸ್ಪಂಜಿನಾಗ ಇರ್ತಾವ. ನಿಮ್ಮ ನಳದ ನೀರಿನ ಬ್ಲೀಚಿಂಗ್ ಪೌಡರಿಗೆ ಅವೆಲ್ಲ ಹೋದವು. ನೀವು ಸ್ವಚ್ಛ ಮಾಡಿಲ್ಲ, ಖಾಲಿ ಮಾಡೀರಿ" ಎಂದ. ನನ್ನ ಜನ್ಮದಲ್ಲಿ ಸ್ವಚ್ಛ ಮಾಡಿದ್ದಕ್ಕೆ ಬೈಸಿಕೊಂಡದ್ದು ಅದೇ ಮೊದಲು. ಆಮೇಲೆ ತನ್ನ ತೊಟ್ಟಿಯ ಹಳೆಯ ಸ್ಪಂಜಿನಲ್ಲಿ ಅರ್ಧ ಕತ್ತರಿಸಿ, ಅದೇ ನೀರಿನ ಸಮೇತ ಕೊಟ್ಟ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಇದನ್ನು ಹಾಕಿ ಐದಾರು ವಾರ ಕಾಯಬೇಕಂತೆ, ದಿನಾ ಒಂದು ಚಿಟಿಕೆ ಮೀನಿನ ಕಾಳು ಉದುರಿಸಬೇಕಂತೆ. ಮೀನಿಲ್ಲದ ತೊಟ್ಟಿಗೆ ನಾನು ದಿನಾ ಕಾಳು ಹಾಕುವುದನ್ನು ನೋಡಿ ಪಕ್ಕದ ಮನೆಯ ಬದರುನ್ನಿಸಾ, "ಯಾರಿಗ ಉಣಸ್ತೀ ಬೇ?" ಎಂದಳು. ಕಾಳಿನ ಡಬ್ಬಿ ಮುಚ್ಚಿಟ್ಟೆ, ಬಸವೇಶ್ವರಿ. ಒಳಗೆ ಹೋಗಿ ಅತ್ತೆ.

ಮೀನು ಆರಿಸುವುದೆಂದರೆ ಸೀರೆ ಆರಿಸಿದಂತೆ ಎಂದು ತಿಳಿದಿದ್ದೆ, ಚಂದ ಕಂಡದ್ದನ್ನು ಎತ್ತಿಕೊಂಡು ಬರುವುದು. ನನ್ನ ಕಣ್ಣಿಗೆ ಬಿದ್ದದ್ದು ರೆಕ್ಕೆ ಚಾಚಿದ ಏಂಜಲ್ ಮೀನು ಮತ್ತು ಗೋಲ್ಡ್ ಫಿಶ್. ಹಫೀಜ ಎರಡಕ್ಕೂ ತಲೆ ಅಲ್ಲಾಡಿಸಿದ. ಏಂಜಲ್ ಬೆಳೆದರೆ ಸಣ್ಣ ಟೆಟ್ರಾಗಳನ್ನು ನುಂಗುತ್ತದೆ. ಗೋಲ್ಡ್ ಫಿಶ್ ತಣ್ಣೀರಿನದು, ಹೊಲಸೂ ಹೆಚ್ಚು. ಕರಿ ಲಂಗದಂಥ ರೆಕ್ಕೆಯ ಟೆಟ್ರಾ ಒಂದಿದೆ, ನಮ್ಮ ಬೋರಿನ ನೀರಿಗೂ ಜಗ್ಗುವುದಿಲ್ಲ, ಆದರೆ ಉದ್ದ ಬಾಲದ ಗಪ್ಪಿಯ ಜೊತೆ ಬಿಟ್ಟರೆ ಬಾಲ ಹರಿದು ಕೈಗೆ ಕೊಡುತ್ತದೆ. "ನೀ ಮೀನ ಮಾರಾಂವೋ, ಬ್ಯಾಡ ಅನ್ನಾಂವೋ?" ಎಂದು ರೇಗಿದೆ. ಅವನಿಗೆ ಸಿಟ್ಟು ಬರಲಿಲ್ಲ. "ಬ್ಯಾರೆ ಬ್ಯಾರೆ ಚಲೋ ಇದ್ದವು, ಕೂಡಿಸಿದ್ರ ಚಲೋ ಇರ್ತಾವಂತ ಇಲ್ರಿ" ಎಂದ. ಅಂಗಡಿಯ ಮೂಲೆಯ ಬಾಟಲಿಯಲ್ಲಿ ಒಂದೇ ಒಂದು ಟೆಟ್ರಾ ಉಳಿದಿತ್ತು, ಬಣ್ಣ ಹೋಗಿ ನೀರಿನಂತೆಯೇ ಕಾಣುತ್ತಿತ್ತು. ಆರಕ್ಕಿಂತ ಕಡಿಮೆ ಇದ್ದರೆ ಇವು ಅಂಜಿ ಅಂಜಿ ಹೀಗಾಗುತ್ತವಂತೆ. ನಮ್ಮ ಮನೆಯಲ್ಲಿ ನಾವು ಮೂವರೂ ಒಂದೊಂದು ಮೂಲೆ ಹಿಡಿದು ಕೂತಿದ್ದು ನೆನಪಾಯಿತು.

ನಿಮ್ಮಪ್ಪನಿಗೆ ಹನ್ನೊಂದು ನಿಯಾನ್ ಟೆಟ್ರಾಗಳನ್ನೇ ತಂದು ಬಿಡಬೇಕೆಂಬ ಆಸೆ. ಹುಡುಗಿ ಬಂದು ನೋಡಿದರೆ ಏನೂ ಆಗೇ ಇಲ್ಲ ಅನ್ನಿಸಬೇಕು ಎಂದರು. ಆ ಮಾತಿಗೆ ನಾನು ಒಪ್ಪಲಿಲ್ಲ. ಆದದ್ದು ಆಗಿದೆ. ನಿಯಾನ್ ನಿಮ್ಮವ್ವನವು, ಅವನ್ನು ತರುವ ಹಕ್ಕು ನನ್ನದಲ್ಲ. ನಾನು ಎಂಟು ಗ್ಲೋಲೈಟ್ ಟೆಟ್ರಾ ತಂದೆ. ಮೈ ಗಾಜಿನಂತೆ, ನಡುವೆ ಕೆಂಡದ ಬಣ್ಣದ ಒಂದೇ ಗೆರೆ. ತಳದಲ್ಲಿ ಉಳಿದ ಕಾಳು ಹುಡುಕಿ ತಿನ್ನಲು ಮೀಸೆ ಇರುವ ನಾಲ್ಕು ಕೋರಿ ಮೀನು. ಎರಡೂ ಬಡಪಾಯಿಗಳು, ಯಾರ ತಂಟೆಗೂ ಹೋಗುವುದಿಲ್ಲ. ನಾಳೆ ನೀನು ನಿಯಾನ್ ತಂದು ಬಿಟ್ಟರೂ ಇವು ಜಾಗ ಕೊಡುತ್ತವೆ ಎಂದು ಹಫೀಜ ಹೇಳಿದ ಮೇಲೆಯೇ ತಂದದ್ದು. ಅಷ್ಟು ಜಾಗ ಬಿಟ್ಟೇ ಬಿಟ್ಟಿದ್ದೇನೆ. ನಳದ ನೀರು ಈಗ ತೊಟ್ಟಿಗೆ ಹಾಕುವುದಿಲ್ಲ. ಬೋರಿನ ನೀರು ಪಾತ್ರೆಗೆ ಬಿಳಿ ಕಟ್ಟುತ್ತದಲ್ಲ, ಅದು ಇವಕ್ಕೂ ಆಗುವುದಿಲ್ಲ. ಹೀಗಾಗಿ ಅರ್ಧ ಫಿಲ್ಟರ್ ನೀರು ಬೆರೆಸುತ್ತೇನೆ. ಕ್ಯಾನು ಹೊರುವುದು ನಿಮ್ಮಪ್ಪನ ಕೆಲಸ. ತಂದ ದಿನ ಚೀಲವನ್ನು ನೀರಿನ ಮೇಲೆ ತೇಲಿಬಿಟ್ಟು, ಲೈಟು ಆರಿಸಿ ಕಾದೆವು. "ಹೊಸ ಮೀನು ನಾಕ ದಿನ ಮೂಲಿ ಹಿಡಿತಾವ್ರಿ, ಬೆನ್ನು ಹತ್ತಬ್ಯಾಡ್ರಿ" ಎಂದಿದ್ದ ಹಫೀಜ. ಎರಡು ವರ್ಷದ ಹಿಂದೆ ಲಗ್ನವಾಗಿ ಈ ಮನೆಗೆ ಬಂದಾಗ ನಾನೂ ಮೂಲೆ ಹಿಡಿದಿದ್ದೆ. ನೀನು ನನಗೆ ಕೆಟ್ಟದ್ದೇನೂ ಅಂದವಳಲ್ಲ. ಚಹಾ ತಗೋರಿ, ಊಟ ಮಾಡ್ರಿ ಎಂದು ಬೀಗರಿಗೆ ಕೊಡುವಷ್ಟು ಮರ್ಯಾದೆ ಕೊಟ್ಟಿ. ಅದೇ ನನಗೆ ಚುಚ್ಚುತ್ತಿತ್ತು.

ಹದಿನೈದು ದಿನವಾಯಿತು, ಎಲ್ಲ ಮೀನೂ ಚೆನ್ನಾಗಿವೆ. ಆಯಿಗೆ ನನ್ನ ಶರಣು ಹೇಳು. ಪರೀಕ್ಷೆಗೆ ಚೆನ್ನಾಗಿ ಓದು, ಊಟ ಬಿಟ್ಟು ಓದಬೇಡ. ಬಸವಣ್ಣ ನಿನ್ನನ್ನು ಸುಖವಾಗಿಡಲಿ.

ಇಂತಿ,
ನಿನಗೆ ಏನು ಕರೆಯಬೇಕೆನ್ನಿಸುತ್ತದೋ ಅದೇ,
ಶಾರದಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಇಷ್ಟುದ್ದ ಬರೆದು, ಬರೆಯಬೇಕಾದ್ದನ್ನೇ ಬಿಟ್ಟಿದ್ದೆ. ತೊಟ್ಟಿ ತೊಳೆದ ಆ ದಿನ ನೀನು ಕಾಲೇಜಿನ ಬ್ಯಾಗು ಹೆಗಲಿಗೇರಿಸಿ ಹಿತ್ತಲ ಬಾಗಿಲಲ್ಲಿ ನಿಂತು, "ಅದೊಂದು ನಳದ ನೀರಾಗ ಹಿಂಡಬ್ಯಾಡ್ರಿ, ನಮ್ಮವ್ವ ತೊಟ್ಟಿ ನೀರಾಗೇ ಅದ್ದಿ ತೆಗಿ ಅಂತಿದ್ಳು" ಎಂದಿ. ನಮ್ಮವ್ವ ಅಂದದ್ದು ಕೇಳಿ ನನಗೆ ಉರಿಯಿತು. ನಳ ಇನ್ನಷ್ಟು ಜೋರಾಗಿ ತಿರುಗಿಸಿದೆ. ಮೀನು ಸಾಯುತ್ತವೆ ಎಂದು ಗೊತ್ತಿರಲಿಲ್ಲ, ಅದು ದೇವರಾಣೆ ಖರೆ. ಇವತ್ತು ಬೆಳಿಗ್ಗೆ ಇದನ್ನು ನಿಮ್ಮಪ್ಪನಿಗೆ ಹೇಳಿದೆ. ಅವರು ಚಸ್ಮಾ ತೆಗೆದಿಟ್ಟರು, ರೊಟ್ಟಿ ಮುಟ್ಟಲಿಲ್ಲ. ಬರುವ ಭಾನುವಾರ ಜೇವರ್ಗಿಗೆ ಬರುತ್ತಾರೆ. ನಿನ್ನನ್ನು ಕರೆದುಕೊಂಡು ಬರಲಿಕ್ಕಲ್ಲ, ನಿನ್ನ ಮುಂದೆ ತಪ್ಪೊಪ್ಪಿಕೊಳ್ಳಲು. ಬರುವುದು ಬಿಡುವುದು ನಿನ್ನ ಇಷ್ಟ. ನೀನು ಹೇಳಿದ್ದಿ ಬಸವೇಶ್ವರಿ, ನಾನು ಕೇಳಿಸಿಕೊಂಡಿದ್ದೆ.